ಊಹೆಯೂ ಋಜುತ್ವವೂ

ತಿಳಿಯದ ಸಂಗತಿಯನ್ನು ತಿಳಿದಂತೆ ಭಾವಿಸಿ ಹೊರಡುವುದು ಸತ್ಯವಂತನಿಗೆ ಒಪ್ಪುವ ಕೆಲಸವೇ? ಕಂಡದ್ದನ್ನಷ್ಟೇ ಆಡು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗಾದರೆ ಕಾಣದುದರ ಬಳಿಗೆ ಹೋಗುವ ದಾರಿ ಯಾವುದು?

ಮಳೆಗಾಲದಲ್ಲಿ ಗೋಕಾಕದ ಜಲಪಾತದೆದುರು ನಿಂತವನಿಗೆ ಈ ತೊಡಕಿಲ್ಲ. ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ನೀರು ಯಾವ ಕಡೆಗೆ ಹರಿಯುತ್ತದೆಂದು ಯಾರನ್ನೂ ಕೇಳಬೇಕಾಗಿಲ್ಲ. ತಂತಿಯೊಳಗಣ ವಿದ್ಯುತ್ತಿನ ಮಾತು ಬೇರೆ; ಅದರ ಹರಿವು ಕಣ್ಣಿಗೆ ಬೀಳದು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ದೀಪದಡಿ ಓದಿದ ಹುಡುಗನಾಗಲಿ, ಮೂಡಲಗಿಯಿಂದ ಬಂದವನಾಗಲಿ, ಇಂಜಿನಿಯರಿಂಗ್ ಕಾಲೇಜು ಸೇರಿದ ಹೊಸತರಲ್ಲೇ ಇದನ್ನು ಎದುರಿಸುತ್ತಾನೆ. ಎರಡು ಬ್ಯಾಟರಿ, ನಾಲ್ಕಾರು ರೋಧಕ, ಕವಲೊಡೆದ ತಂತಿಗಳು. ನಡುವಣ ತಂತಿಯಲ್ಲಿ ಪ್ರವಾಹ ಎಡಕ್ಕೋ ಬಲಕ್ಕೋ? "ನಿನಗೆ ತೋಚಿದತ್ತ ಬಾಣ ಹಾಕಪ್ಪಾ" ಎನ್ನುತ್ತಾರೆ ಅಧ್ಯಾಪಕರು. ಹುಡುಗ ಅಳುಕುತ್ತಾನೆ: ತಪ್ಪಾದರೆ?

ಜರ್ಮನಿಯ ಗುಸ್ಟಾವ್ ಕಿರ್ಕಾಫ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ, 1845ರಲ್ಲಿ, ಎರಡು ನಿಯಮಗಳನ್ನು ಹೇಳಿದ. ತಂತಿಗಳು ಕೂಡುವೆಡೆಗೆ ಎಷ್ಟು ಪ್ರವಾಹ ಬಂದಿತೋ ಅಷ್ಟೇ ಹೊರಡಬೇಕು. ಮಂಡಲವನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ವೋಲ್ಟೇಜಿನ ಏರಿಳಿತಗಳೆಲ್ಲ ಕೂಡಿ ಸೊನ್ನೆಯಾಗಬೇಕು. ಈ ಲೆಕ್ಕವನ್ನು ಬಿಡಿಸಿದಾಗ ಉತ್ತರ ಋಣ 2 ಆಂಪಿಯರ್ ಎಂದು ಬಂತೆನ್ನಿ. 2 ಎಂಬುದು ಸರಿ. ಬಾಣ ಮಾತ್ರ ತಿರುಗುಮುರುಗು. ತಪ್ಪು ಬಾಣ ಹಾಕಿದವನೂ ಸರಿ ಉತ್ತರಕ್ಕೇ ಬಂದ!

ಇದು ಹೇಗೆ ಸಾಧ್ಯವಾಯಿತು? ಒಮ್ಮೆ ಹಾಕಿದ ಬಾಣವನ್ನು ಅವನು ನಡುವೆ ತಿರುಗಿಸಲಿಲ್ಲ. ಬಾಣಕ್ಕೆ ಒಗ್ಗುವಂತೆ ನಿಯಮವನ್ನು ಬಗ್ಗಿಸಲಿಲ್ಲ. ಕೊನೆಗೆ ಬಂದ ಋಣಚಿಹ್ನೆಯನ್ನು ಮುಚ್ಚಿಡಲಿಲ್ಲ. ಊಹೆಯನ್ನು ಸುಳ್ಳಿನಿಂದ ಬೇರ್ಪಡಿಸುವುದು ಈ ಮೂರೇ. ಸುಳ್ಳುಗಾರ ಮೊದಲೇ ಉತ್ತರವನ್ನಿಟ್ಟುಕೊಂಡು ಲೆಕ್ಕ ಬರೆಯುತ್ತಾನೆ. ಊಹಿಸುವವನು ಲೆಕ್ಕದ ತೀರ್ಪಿಗೆ ತಲೆಬಾಗುತ್ತಾನೆ.

ಹಾಗೆಂದು ನೆರೆಯವನನ್ನು ಕಳ್ಳನೆಂದು ಊಹಿಸಿ ಆಮೇಲೆ ತಿದ್ದಿಕೊಂಡರಾಯಿತೇ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಪ್ಪು ಬಾಣದಿಂದ ತಂತಿಗೆ ನೋವಿಲ್ಲ, ಮನುಷ್ಯನಿಗೆ ಉಂಟು. ಊರೆಲ್ಲ ಹಬ್ಬಿದ ಸಂಶಯವನ್ನು ಯಾವ ಋಣಚಿಹ್ನೆ ಹಿಂದಕ್ಕೆ ಕರೆದೀತು? ಆದುದರಿಂದ ಮನುಷ್ಯರ ವಿಷಯದಲ್ಲಿ ನಾಲ್ಕನೆಯ ನಿಯಮವೊಂದು ಬೇಕು: ಲೆಕ್ಕ ಮುಗಿಯುವತನಕ ಬಾಣವು ನಮ್ಮ ಹಾಳೆಯ ಮೇಲೆಯೇ ಇರಲಿ, ನಾಲಗೆಯ ಮೇಲೆ ಬಾರದಿರಲಿ.

ಊಹಿಸದೆ ಬಾಳುವುದು ಯಾರಿಗೂ ಸಾಧ್ಯವಿಲ್ಲ. ಊಹೆಯನ್ನು ಹಿಂತೆಗೆದುಕೊಳ್ಳುವ ಧೈರ್ಯವುಳ್ಳವನೇ ಊಹಿಸಲು ಅರ್ಹ.