ಹೋದ ಪಾದ್ರಿಗಳು, ಬಂದ ಪಾದ್ರಿಗಳು

ನಮ್ಮ ಅವ್ವ ಸಾಯುವ ಮುಂಚೆ ಒಂದೇ ಒಂದು ಮಾತು ಕೇಳಿಕೊಂಡಿದ್ದಳು: "ನನ್ನ ಮಣ್ಣಿಗೆ ಅವರನ್ನ ಕರಸಬೇಕವಾ." ಅವರು ಎಂದರೆ ನಮ್ಮ ಸಭೆಯಲ್ಲಿ ಏಳು ವರ್ಷ ಇದ್ದು ವರ್ಗವಾಗಿ ಹೋಗಿದ್ದ ಪಾದ್ರಿಗಳು. ನಾನು ಹೂಂ ಅಂದೆ. ಅವ್ವ ತೀರಿಕೊಂಡ ರಾತ್ರಿ ಅವರಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ. ಆಮೇಲೆ ಹೇಳಿದರು: "ಅಕ್ಕೋರ, ನಾ ಬರತೇನಿ. ಮಂದಿ ಸಂಗಾಟ ಕೂಡತೇನಿ. ಆದ್ರ ಮಣ್ಣಿನ ಪ್ರಾರ್ಥನಾ ಈಗಿನ ಪಾದ್ರಿಗಳು ಮಾಡಲಿ. ಅದು ಅವರ ಕೆಲಸ."

ಫೋನು ಇಟ್ಟ ಮೇಲೆ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅವ್ವ ಅವರಿಗೆ ಬೇಸಿ ಹಾಕಿದ ರೊಟ್ಟಿಗೆ ಲೆಕ್ಕವಿತ್ತೇ? ಆ ಋಣ ಒಂದು ವರ್ಗಾವಣೆಯ ಕಾಗದಕ್ಕೆ ಮುಗಿದುಹೋಯಿತೇ?

ನಮ್ಮದು ನವಲಗುಂದ, ಅಣ್ಣಿಗೇರಿಗಳ ಕಡೆಯ ಎರೆಮಣ್ಣಿನ ಸೀಮೆ. ಇಲ್ಲಿಯ ಸಭೆಗಳ ಬೇರು ಬಾಸೆಲ್ ಮಿಶನ್ನಿನದು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಆ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ. ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಮನೆತನದವರು. 1914ರ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ಅವರ ದೇಶಕ್ಕೆ ಕಳಿಸಿಬಿಟ್ಟಿತು. ಪಾದ್ರಿ ಹೋದರೆ ಸಭೆ ಉಳಿಯುತ್ತದೆಯೇ ಎಂಬ ಪ್ರಶ್ನೆ ಅವತ್ತೇ ಬಂದಿರಬೇಕು. ಸಭೆ ಉಳಿಯಿತು. ಈಗ ನಾವು ದಕ್ಷಿಣ ಭಾರತ ಸಭೆಯವರು. ಧಾರವಾಡದ ಡಯಾಸಿಸ್ಸಿನಿಂದ ಕೆಲವು ವರ್ಷಕ್ಕೊಮ್ಮೆ ಪಾದ್ರಿಗಳಿಗೆ ವರ್ಗಾವಣೆ, ನಮ್ಮ ಶಿಕ್ಷಣ ಇಲಾಖೆಯ ಹಾಗೆಯೇ.

ನಮ್ಮ ಓಣಿಯ ಗೌಡತಿಗೆ ಇದು ಎಂದೂ ಅರ್ಥವಾಗಿಲ್ಲ. "ನಿಮ್ಮ ಸ್ವಾಮಿಗಳನ್ನ ಸರಕಾರಿ ನೌಕರರ ಗತೆ ಎತ್ತಿ ಹಾಕತಾರಲ್ರೀ" ಎನ್ನುತ್ತಾಳೆ. ಅವರ ಮಠದಲ್ಲಿ ಪಟ್ಟಕ್ಕೆ ಕೂತವರು ಸಾಮಾನ್ಯವಾಗಿ ಲಿಂಗೈಕ್ಯರಾಗುವವರೆಗೆ ಅಲ್ಲಿಯೇ. "ಜಂಗಮ ಅಂದ್ರನ ತಿರುಗಾವ ಅಲ್ಲೇನ್ರೀ?" ಎಂದು ಒಮ್ಮೆ ಕೇಳಿದೆ. ನಕ್ಕಳು, ಆದರೆ ಒಪ್ಪಲಿಲ್ಲ.

ಹಳೆಯ ಪಾದ್ರಿಗಳು ಹೋದಾಗ ಶಾಲು ಹೊದಿಸಿ, ಟೆಂಪೋಕ್ಕೆ ಸಾಮಾನು ಏರಿಸಿ, ರಸ್ತೆಯ ತನಕ ಅಳುತ್ತ ಹೋಗಿ ಕಳಿಸಿದೆವು. ಬಂದವರು ಮೂವತ್ತು ತುಂಬದ ಹುಡುಗ. ಮೊದಲ ಭಾನುವಾರದಿಂದಲೇ ತೂಗುವುದು ಶುರುವಾಯಿತು. ಪ್ರಸಂಗ ಗಿಡ್ಡಾಯಿತು, ಸಂಗೀತ ಎಳೆಯುತ್ತಾರೆ, ಬೆಳೆಹಬ್ಬದ ಹರಾಜಿನಲ್ಲಿ ನಗಿಸಲು ಬರುವುದಿಲ್ಲ, ಹಿಂದಿನವರು ಹೀಗಿರಲಿಲ್ಲ. ಎರಡನೆಯ ಸಂಬಂಧಕ್ಕೆ ಕೊಟ್ಟ ಹೆಣ್ಣುಮಗಳು ಪಡಸಾಲೆಯಲ್ಲಿ ಮೊದಲಿನವಳ ಫೋಟೋದ ಕೆಳಗೆ ಬಡಿಸುತ್ತ ಓಡಾಡುವುದನ್ನು ನಾವು ಹೆಂಗಸರು ನೋಡಿಯೇ ಇದ್ದೇವೆ. ಆ ಮನೆಯಲ್ಲಿ ಯಾರೂ ಅವಳನ್ನು ಬೈಯುವುದಿಲ್ಲ. ಬರೀ ಸತ್ತವಳನ್ನು ಹೊಗಳುತ್ತಾರೆ, ಅಷ್ಟೇ.

ಅದೇ ವರ್ಷ ನಮ್ಮ ಸಭೆಯ ಒಂದು ಮನೆಯವರು ಮದುವೆಗೆ ಹಳೆಯ ಪಾದ್ರಿಗಳನ್ನೇ ಕರೆಸಿದರು. ಹೊಸಬರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ನಾನೂ ಅಲ್ಲಿದ್ದೆ. ಶೇಂಗಾ ಹೋಳಿಗೆ ತಿಂದು ಬಂದೆ, ಏನೂ ಅನ್ನಿಸಲಿಲ್ಲ. ಹಳೆಯವರಿಗೆ ಮಾತ್ರ ಅನ್ನಿಸಿರಬೇಕು. ಆಮೇಲೆ ಅವರು ನಮ್ಮ ಊರಿನ ಯಾವ ಕಾರ್ಯವನ್ನೂ ತಾವಾಗಿ ನಡೆಸಲು ಒಪ್ಪಲಿಲ್ಲ.

ಈ ಜಗಳ ಹೊಸದಲ್ಲ. ಪೌಲನ ಕಾಲದಲ್ಲೇ ಕೊರಿಂಥದ ಸಭೆ ಪೌಲನ ಕಡೆಯವರು, ಅಪೊಲ್ಲೋಸನ ಕಡೆಯವರು ಎಂದು ಒಡೆದಿತ್ತು. ಇನ್ನೊಂದು ಜಗಳ ಇದಕ್ಕಿಂತ ಕಠಿಣವಾದದ್ದು. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಿಸಲು ಹೊರಟಾಗ ಕೆಲವು ಗುರುಗಳು ಹೆದರಿ ಗ್ರಂಥ ಒಪ್ಪಿಸಿದರು. ಅಂಥವರಿಂದ ಬಂದ ಸಂಸ್ಕಾರ ನಮಗೆ ಬೇಡ ಎಂದು ಉತ್ತರ ಆಫ್ರಿಕದಲ್ಲಿ ಒಂದು ದೊಡ್ಡ ಪಂಗಡವೇ ಸಿಡಿದು ನಿಂತಿತು. ನೂರು ವರ್ಷದ ಮೇಲೆ ಸಂತ ಅಗಸ್ಟಿನ್ ಅವರಿಗೆ ಉತ್ತರ ಕೊಟ್ಟ: ದೀಕ್ಷಾಸ್ನಾನವಾಗಲಿ ಕರ್ತನ ಭೋಜನವಾಗಲಿ ಕೊಡುವವನದಲ್ಲ, ಕ್ರಿಸ್ತನದು. ಕೊಡುವವನ ಕೈ ಹೊಲಸಾಗಿದ್ದರೂ ಅದರ ಬೆಲೆ ಇಳಿಯುವುದಿಲ್ಲ. 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ ಕಡೆಯವರು ಒಪ್ಪಿಸಿದ ನಂಬಿಕೆಯ ಪತ್ರದಲ್ಲೂ ಇದೇ ತತ್ವವಿದೆ. ಕೆಟ್ಟ ಗುರುವಿನ ಕೈಯಲ್ಲೇ ಬೆಲೆ ಇಳಿಯದಿದ್ದರೆ ಒಬ್ಬ ಒಳ್ಳೆಯ ಹುಡುಗನ ಕೈಯಲ್ಲಿ ಇಳಿದೀತೇ?

ಇಳಿಯುವುದಿಲ್ಲ. ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಅವ್ವ ಕೇಳಿದ್ದು ಆ ಪ್ರಶ್ನೆಯನ್ನಲ್ಲವಲ್ಲ! ಹೊಸಬರ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ ಎಂದು ಅವಳು ಎಂದೂ ಅಂದವಳಲ್ಲ. ತನ್ನನ್ನು ಬಲ್ಲವರ ಕೈಯಿಂದ ಮಣ್ಣಾಗಬೇಕು ಎಂದಳು. ಮೂರು ವರ್ಷಕ್ಕೇ ಹೋದ ಅವಳ ಚೊಚ್ಚಲು ಮಗನ ಹೆಸರು ಆ ಹಳೆಯ ಪಾದ್ರಿಗಳಿಗೆ ಗೊತ್ತಿತ್ತು. ಅಗಸ್ಟಿನ್ನನ ಉತ್ತರ ದೊಡ್ಡದು. ಆದರೆ ಒಬ್ಬ ಮುದುಕಿಯ ಇಷ್ಟು ಸಣ್ಣ ಆಸೆಗೆ ಅದು ಉತ್ತರವಾಗುವುದಿಲ್ಲ.

ನಸುಕಿನಲ್ಲಿ ಹೊಸ ಪಾದ್ರಿಗಳು ಬಂದರು. ಕುರ್ಚಿ ಕೊಟ್ಟರೂ ಬೇಡವೆಂದು ನಮ್ಮ ಜೊತೆ ನೆಲದ ಮೇಲೆ ಕೂತರು. "ಅಮ್ಮಾರದ್ದು ನನಗ ಭಾಳ ಗೊತ್ತಿಲ್ರೀ. ಹೇಳ್ರಿ" ಅಂದರು. ಮನಸ್ಸಿಲ್ಲದೇ ಶುರುಮಾಡಿದೆ. ಹತ್ತಿ ಬಿಡಿಸಲು ಹೋಗುತ್ತಿದ್ದುದು, ನಲವತ್ತು ದಾಟಿದ ಮೇಲೆ ನನ್ನ ಪಾಟಿಯ ಮೇಲೆ ಅಕ್ಷರ ಕಲಿತದ್ದು, ಓದಲು ಬಂದ ಮೇಲೆ ಬಸ್ಸಿನ ಬೋರ್ಡುಗಳನ್ನೆಲ್ಲ ಜೋರಾಗಿ ಓದಿ ನಮಗೆ ನಾಚಿಕೆ ತರಿಸಿದ್ದು. ತಂಗಿ ನಡುವೆ ಬಾಯಿ ಹಾಕಿ ನನಗೇ ಗೊತ್ತಿರದ ಒಂದೆರಡು ಸಂಗತಿ ಹೇಳಿದಳು. ಹೆಣದ ಪಕ್ಕದಲ್ಲಿ ಕೂತು ಒಂದು ತಾಸು ಮಾತಾಡಿದೆವು, ಒಮ್ಮೆ ನಕ್ಕೆವು ಕೂಡ. ಹಳೆಯವರು ಬಂದಿದ್ದರೆ ಇದಾವುದನ್ನೂ ಹೇಳುತ್ತಿರಲಿಲ್ಲ, ಅವರಿಗೆ ಗೊತ್ತಿತ್ತಲ್ಲ.

ಅವರು ಹತ್ತು ಗಂಟೆಯ ಬಸ್ಸಿಗೆ ಬಂದರು. ಮಾತಿನಂತೆ ಹಿಂದಿನ ಸಾಲಿನಲ್ಲಿ ಕೂತರು. ತಮ್ಮ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, ಮಧ್ಯಾಹ್ನವೇ ಹೋದರು.

ಅವರು ಮಾಡಿದ್ದು ಸರಿ ಎಂದು ಈಗ ನನಗೆ ಅನ್ನಿಸುತ್ತದೆ. ನಮ್ಮ ಮಣ್ಣು, ಮದುವೆಗಳನ್ನೆಲ್ಲ ಅವರೇ ಬಂದು ಮಾಡಿದ್ದರೆ ಆ ಹುಡುಗ ನಮ್ಮ ಪಾಲಿಗೆ ಭಾನುವಾರದ ಮನುಷ್ಯನಾಗಿಯೇ ಉಳಿಯುತ್ತಿದ್ದ. ಆದರೆ ನಾನು ಸಾಯುವವಳಿಗೆ ಹೂಂ ಅಂದಿದ್ದೆ, ಅದು ನಡೆಯಲಿಲ್ಲ. ಅವರ ನಿರ್ಧಾರ ಸರಿಯಾಗಿತ್ತು ಎಂಬುದರಿಂದ ನನ್ನ ಮಾತು ಉಳಿದಂತಾಗುವುದಿಲ್ಲ. ಎಷ್ಟೋ ಸಲ ಕೂಡಿಸಿ ಕಳೆದು ನೋಡಿದ್ದೇನೆ, ಲೆಕ್ಕ ಹೊಂದುವುದಿಲ್ಲ.

ಹೋದ ವರ್ಷ ಆ ಹೊಸಬರಿಗೂ ವರ್ಗವಾಯಿತು. ಬೀಳ್ಕೊಡುವ ದಿನ ಇಬ್ಬರು ಮುದುಕಿಯರು ಅವರ ಕೈಹಿಡಿದು, "ನಮ್ಮ ಮಣ್ಣಿಗೆ ನೀವ ಬರಬೇಕ್ರೀ ಮತ್ತ" ಅಂದರು. ಅವರು ನನ್ನ ಕಡೆ ನೋಡಿದರು. ನಾನು ಅವರ ಪ್ರಯಾಣಕ್ಕೆ ರೊಟ್ಟಿಯ ಗಂಟು ಕಟ್ಟುತ್ತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ.