ಕೂಡಿಟ್ಟ ದಾನ, ಕೂಡಿ ಮಾಡುವ ನಿರ್ಣಯ

ಸಾತ್ತ್ವಿಕದಾನಕ್ಕೆ ದೇಶ, ಕಾಲ, ಪಾತ್ರಗಳ ವಿವೇಚನೆಯೂ ಪ್ರತ್ಯುಪಕಾರದ ಅಪೇಕ್ಷೆಯಿಲ್ಲದಿರುವಿಕೆಯೂ ಆವಶ್ಯಕವೆಂದು ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಅಪ್ಪಣೆ ಕೊಡಿಸಿರುವನು. ಹತ್ತು ಮನೆಗಳ ಮುಷ್ಟಿ ಅಕ್ಕಿಯು ಒಂದೇ ಪಾತ್ರೆಯಲ್ಲಿ ಬೆರೆತಮೇಲೆ ಇದು ನನ್ನದೆಂದು ಬೇರ್ಪಡಿಸಲಾಗದು. ಎರಡನೆಯ ನಿಯಮವು ಅಲ್ಲಿ ಬಹುಮಟ್ಟಿಗೆ ತಾನಾಗಿಯೇ ಸಿದ್ಧಿಸುವುದು.

ಕಷ್ಟವಿರುವುದು ಪಾತ್ರನಿರ್ಣಯದಲ್ಲಿ. ಹೆಚ್ಚು ಕೊಟ್ಟವರ ಮಾತಿಗೆ ಸಭೆಯಲ್ಲಿ ಹೆಚ್ಚು ತೂಕ ಬರುವುದನ್ನು (ಹೇಳಲು ಸಂಕೋಚವೇತಕ್ಕೆ?) ನಾವೆಲ್ಲರೂ ಕಂಡಿದ್ದೇವೆ. ಪರಿಚಿತರ ಮಗನ ಉಪನಯನಕ್ಕೆ ಕೈಗಳು ಬೇಗ ಏಳುವುವು. ಅಪರಿಚಿತ ವೃದ್ಧೆಯ ಔಷಧದ ವೆಚ್ಚಕ್ಕೆ ಮೌನ. ಪಾತ್ರತೆಯು ಸ್ವೀಕರಿಸುವವರಲ್ಲಿ ಇರತಕ್ಕದ್ದು, ನಮ್ಮ ಬಹುಮತದಿಂದ ಹುಟ್ಟತಕ್ಕದ್ದಲ್ಲ.

ತನಗೆ ಸಮ್ಮತವಿಲ್ಲದ ಕಡೆಗೆ ಹೋದ ಹಣದ ಪುಣ್ಯವು ತನಗುಂಟೇ ಎಂದು ಒಬ್ಬರು ಶಂಕಿಸಬಹುದು. ಕೃಷ್ಣಾರ್ಪಣವೆಂದು ಕೊಟ್ಟಮೇಲೆ ಸ್ವಾಮ್ಯವು ತೀರಿತು. ವಿಚಾರಿಸುವ ಕರ್ತವ್ಯವು ಮಾತ್ರ ತೀರಲಿಲ್ಲ. ಸಹಾಯ ಬೇಡಿದವರ ಮನೆಗೆ ಇಬ್ಬರಾದರೂ ಹೋಗಿ ಬಂದು ವರದಿ ಮಾಡಲಿ. ಸಭೆಯಲ್ಲಿ ಕಡಿಮೆ ಕೊಟ್ಟವರು ಮೊದಲು ಮಾತನಾಡಲಿ.