ಕುಂತೀದೇವಿಯು ಬೇಡಿದ ವರ

ಶ್ರೀಹರಿವಾಯುಗುರುಭ್ಯೋ ನಮಃ



ಶ್ರಾವಣ ಮಾಸದ ಭಾಗವತ ಪ್ರವಚನದ ಒಂದು ದಿನ ಮಂತ್ರಾಕ್ಷತೆ ಕೊಡುವ ಸಮಯದಲ್ಲಿ ವೃದ್ಧ ಮಾತೆಯೊಬ್ಬರು ಕೇಳಿದ ಪ್ರಶ್ನೆಯೇ ಈ ನಾಲ್ಕು ಮಾತುಗಳಿಗೆ ಕಾರಣವಾಗಿದೆ. “ಆಚಾರ್ರ, ಮಗಾ ಸೊಸಿ ದೂರ ಹೋಗಿ ವರ್ಷ ಆತು. ದೇವರ ಮುಂದ ಕೂತ್ರ ಮೊಮ್ಮಗನ ಮಾರೀನ ಕಣ್ಣಿಗೆ ಕಟ್ಟತದ. ಬಾಯಾಗ ದೇವರ ನಾಮ, ಮನಸ್ಸು ಅಲ್ಲಿ. ಇದು ಪಾಪ ಏನ್ರಿ?”

ಈ ಪ್ರಶ್ನೆಯು ಆ ಒಬ್ಬ ಮಾತೆಯದಷ್ಟೇ ಅಲ್ಲ. ಶಿರೋಳ, ನರಗುಂದ, ರೋಣಗಳ ಈ ಎರೆಯ ಸೀಮೆಯಲ್ಲಿ ಇಂದು ಯಾವ ಓಣಿಗೆ ಹೋದರೂ ದೊಡ್ಡ ಪಡಸಾಲೆಯ ಮನೆಯಲ್ಲಿ ಇಬ್ಬರೇ ವೃದ್ಧರಿರುವದನ್ನು ಕಾಣುತ್ತೇವೆ. ಮಕ್ಕಳು ಹುಬ್ಬಳ್ಳಿ-ಧಾರವಾಡಗಳಲ್ಲಿದ್ದರೆ ಹತ್ತಿರವೇ ಆಯಿತು. ಬೆಂಗಳೂರು, ಪುಣೆ, ಅಲ್ಲಿಂದ ಮುಂದೆ ಅಮೇರಿಕೆಯವರೆಗೂ ಸಂಸಾರಗಳು ಹರಡಿವೆ. ಇದು ತೀರ ಹೊಸದೆಂದು ತಿಳಿಯಬೇಕಾದುದಿಲ್ಲ. 1956ರ ವರೆಗೆ ನಮ್ಮ ಈ ಭಾಗವು ಮುಂಬಯಿ ಪ್ರಾಂತದಲ್ಲಿತ್ತು. ಹೊಳೆಆಲೂರಿನಲ್ಲಿ ಸೊಲ್ಲಾಪುರದ ಗಾಡಿ ಹತ್ತಿ ನೌಕರಿಗಾಗಿ ಪುಣೆ ಮುಂಬಯಿಗಳಿಗೆ ಹೋದವರು ಆಗಲೂ ಇದ್ದರು. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆಯು ಉಕ್ಕಿ ಬಂದಾಗ ಹೊಳೆದಂಡೆಯ ಊರುಗಳವರು ಇಷ್ಟವಿರಲಿ ಇಲ್ಲದಿರಲಿ ಮನೆ ಬಿಟ್ಟು ಹೊರಡಬೇಕಾಯಿತು. ಇನ್ನು ಹೆಣ್ಣುಮಕ್ಕಳ ಮಾತಂತೂ ಬೇರೆಯೇ. ಮಗನಿಗಾಗಿ ಕಣ್ಣೀರು ಹಾಕುವ ತಾಯಿಯೂ ಒಂದು ಕಾಲಕ್ಕೆ ಉಡಿ ತುಂಬಿಸಿಕೊಂಡು ತವರು ಬಿಟ್ಟು ಬಂದವಳೇ. ಆಗ ಅವಳ ತಾಯಿಯ ಮನಸ್ಸು ಪೂಜೆಯಲ್ಲಿ ನಿಂತಿತ್ತೇ ಎಂದು ಯಾರೂ ಕೇಳಲಿಲ್ಲ. ಮಗಳು ಹೋಗುವದು ಲೋಕರೂಢಿ, ಮಗ ಹೋಗುವದು ಮಾತ್ರ ದುಃಖ ಎಂದು ನಾವು ಭಾವಿಸಿದ್ದೇವೆ. ವಿಚಾರ ಮಾಡಿದರೆ ಎರಡೂ ಒಂದೇ ದುಃಖ.

ಇಂಥ ತಾಯಂದಿರಿಗೆ ಸಮಾಧಾನ ಹೇಳಲು ಹೊರಟವರು ಬಹುಮಟ್ಟಿಗೆ ಒಂದೇ ಮಾತು ಆಡಿಬಿಡುತ್ತಾರೆ: “ಎಲ್ಲಾ ಮಾಯೆ, ಮೋಹ ಬಿಡ್ರಿ.” ಹೇಳುವವರಿಗೆ ಇದು ಸುಲಭ. ಆದರೆ ಶ್ರೀಮದಾಚಾರ್ಯರ ಸಿದ್ಧಾಂತವನ್ನು ಅನುಸರಿಸುವ ನಾವು ಈ ಮಾತನ್ನು ಆಡಲು ಬರುವದೇ ಇಲ್ಲ. ಜಗತ್ತು ಸತ್ಯವೆಂಬುದು ನಮ್ಮ ಮತದ ಮೊದಲ ಮಾತುಗಳಲ್ಲಿ ಒಂದು. ಜಗತ್ತು ಸತ್ಯವಾದರೆ ಅದರಲ್ಲಿರುವ ಮನೆಯೂ ಸತ್ಯ, ಬಸ್ ನಿಲ್ದಾಣದಲ್ಲಿ ನಿಂತ ತಾಯಿಯ ಕಣ್ಣೀರೂ ಸತ್ಯ. ಪಂಚಭೇದಗಳಲ್ಲಿ ಜೀವ ಜೀವರಿಗೆ ಭೇದವನ್ನು ಹೇಳಿದ್ದಾರಲ್ಲವೇ? ಆ ಮೊಮ್ಮಗನೆಂಬ ಜೀವನು ಬೇರೆ ಯಾವ ಜೀವನೂ ಅಲ್ಲ, ಅವನ ಸ್ಥಳದಲ್ಲಿ ಇನ್ನೊಬ್ಬನನ್ನು ಇಟ್ಟು ಸಮಾಧಾನ ಹೊಂದಲು ಬಾರದು. ಹಾಗಾದರೆ ಶಾಸ್ತ್ರವು ಹೇಳುವದೇನು? ಇವೆಲ್ಲವೂ ಸತ್ಯವೇ, ಆದರೆ ಸ್ವತಂತ್ರವಲ್ಲ. ತಾಯಿಯೂ ಅಸ್ವತಂತ್ರಳು, ಮಗನೂ ಅಸ್ವತಂತ್ರನು, ಅವರಿಬ್ಬರ ಸಂಬಂಧವೂ ಶ್ರೀಹರಿಯ ಅಧೀನವಾದುದು. “ನನ್ನದು” ಎನ್ನುವದರಲ್ಲಿ ದೋಷವಿದೆಯೇ ಹೊರತು “ಇದೆ” ಎನ್ನುವದರಲ್ಲಿ ದೋಷವಿಲ್ಲ.

ಈ ವಿಷಯದಲ್ಲಿ ಕುಂತೀದೇವಿಗಿಂತ ಹೆಚ್ಚಿನ ಅನುಭವವುಳ್ಳವರು ಯಾರಿದ್ದಾರೆ? ಶೂರಸೇನನ ಮಗಳಾಗಿ ಹುಟ್ಟಿದ ಪೃಥೆಯು ಕೈಯಲ್ಲಿ ಚೆಂಡು ಹಿಡಿದು ಆಡುವ ವಯಸ್ಸಿನಲ್ಲಿಯೇ ಕುಂತಿಭೋಜನ ಮನೆಗೆ ದತ್ತಕ ಹೋದಳು. ಅಲ್ಲಿಂದ ಹಸ್ತಿನಾವತಿ, ಅಲ್ಲಿಂದ ಪಾಂಡುರಾಜನೊಡನೆ ಅರಣ್ಯ, ಐದು ಮಕ್ಕಳನ್ನು ಕಟ್ಟಿಕೊಂಡು ವಿಧವೆಯಾಗಿ ಮರಳಿ ಹಸ್ತಿನಾವತಿ. ಅರಗಿನ ಮನೆ, ಏಕಚಕ್ರದ ಬ್ರಾಹ್ಮಣನ ಮನೆಯ ವಾಸ. ಕೊನೆಗೆ ಮಕ್ಕಳು ದ್ಯೂತದಲ್ಲಿ ಸೋತು ವನಕ್ಕೆ ಹೊರಟಾಗ ಅವಳು ವಿದುರನ ಮನೆಯಲ್ಲಿ ಹದಿಮೂರು ವರ್ಷ ಉಳಿದಳು. ಹದಿಮೂರು ವರ್ಷ! ಮಕ್ಕಳು ಇದ್ದಾರೋ ಇಲ್ಲವೋ ಎಂದು ತಿಳಿಸುವ ಕಾಗದವಿಲ್ಲ, ದೂರವಾಣಿಯಿಲ್ಲ.

ಸಂಧಾನಕ್ಕೆ ಬಂದ ಶ್ರೀಕೃಷ್ಣನು ಅವಳನ್ನು ಕಾಣಲು ಹೋದ ಪ್ರಸಂಗವು ಉದ್ಯೋಗಪರ್ವದಲ್ಲಿದೆ. ಅದನ್ನು ಪ್ರತಿಯೊಬ್ಬ ಗೃಹಸ್ಥನೂ ಓದಬೇಕು. ಅವಳು ಅಣ್ಣನ ಮಗನ ಕೊರಳು ತಬ್ಬಿಕೊಂಡು ಅತ್ತಳು. ವೇದಾಂತ ಮಾತಾಡಲಿಲ್ಲ. ವಾದ್ಯಗಳ ಮಂಗಳಧ್ವನಿಗೆ ಏಳುತ್ತಿದ್ದ ಮಕ್ಕಳು ಕಾಡುಮೃಗಗಳ ಕೂಗಿಗೆ ಹೇಗೆ ಎದ್ದರೋ ಎಂದು ಕೇಳಿದಳು. ಒಬ್ಬೊಬ್ಬರ ಹೆಸರು ಹಿಡಿದು ಕ್ಷೇಮ ವಿಚಾರಿಸಿದಳು. ಸೊಸೆಯಾದ ದ್ರೌಪದಿಯು ತನಗೆ ಎಲ್ಲ ಮಕ್ಕಳಿಗಿಂತ ಪ್ರಿಯಳು ಎಂದಳು. (ಅತ್ತೆಯಂದಿರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ಪ್ರಾರ್ಥನೆ.) ಅಷ್ಟೇ ಅಲ್ಲ, ತನ್ನ ಕಷ್ಟಕ್ಕೆ ದುರ್ಯೋಧನನನ್ನು ದೂಷಿಸುವದಿಲ್ಲ, ಆಡುವ ಮಗುವನ್ನು ಹಣದಂತೆ ಎತ್ತಿ ಕೊಟ್ಟುಬಿಟ್ಟ ತಂದೆಯನ್ನು ದೂಷಿಸುತ್ತೇನೆ ಎಂದಳು. ಅಷ್ಟು ವರ್ಷಗಳ ಮೇಲೆ, ಮುಪ್ಪಿನಲ್ಲಿ, ತವರಿನಿಂದ ಕಳಿಸಲ್ಪಟ್ಟ ದಿನದ ನೋವು ಹೊರಗೆ ಬಂದಿತು. ಭಗವಂತನು ಇದನ್ನೆಲ್ಲ ಕೇಳಿ “ಅತ್ತೆ, ಇದು ಅಜ್ಞಾನ” ಎಂದನೇ? ಇಲ್ಲ. ಮಕ್ಕಳ ಮತ್ತು ಸೊಸೆಯ ನಮಸ್ಕಾರವನ್ನು, ಕ್ಷೇಮಸಮಾಚಾರವನ್ನು ಮುಟ್ಟಿಸಿದನು. ಬೇಗನೆ ಅವರನ್ನು ಕಾಣುವೆ ಎಂದು ಧೈರ್ಯ ಹೇಳಿದನು.

ಇದೇ ಕುಂತಿಯು ಯುದ್ಧವು ಮುಗಿದ ಮೇಲೆ, ಉತ್ತರೆಯ ಗರ್ಭದಲ್ಲಿದ್ದ ಪರೀಕ್ಷಿತನನ್ನು ರಕ್ಷಿಸಿ ದ್ವಾರಕೆಗೆ ಹೊರಟ ಶ್ರೀಕೃಷ್ಣನನ್ನು ಸ್ತುತಿಸಿದ್ದು ಭಾಗವತದ ಪ್ರಥಮ ಸ್ಕಂಧದ ಎಂಟನೆಯ ಅಧ್ಯಾಯದಲ್ಲಿದೆ. ವಿಪತ್ತುಗಳು ಮತ್ತೆ ಮತ್ತೆ ಬರಲಿ, ಅವುಗಳಲ್ಲಿ ನಿನ್ನ ದರ್ಶನವಾಗುತ್ತದಲ್ಲ ಎಂದು ಅವಳು ಬೇಡಿದ್ದು ಎಲ್ಲರಿಗೂ ಗೊತ್ತು. ಸ್ತುತಿಯ ಕೊನೆಗೆ ಇನ್ನೊಂದು ಬೇಡಿಕೆ ಇದೆ. ಪಾಂಡವರಲ್ಲಿಯೂ ವೃಷ್ಣಿಗಳಲ್ಲಿಯೂ ನನಗಿರುವ ಗಟ್ಟಿಯಾದ ಸ್ನೇಹಪಾಶವನ್ನು ಕತ್ತರಿಸು ಎನ್ನುತ್ತಾಳೆ. ವೃಷ್ಣಿಗಳೆಂದರೆ ತವರಿನವರು, ಪಾಂಡವರೆಂದರೆ ಹೊಟ್ಟೆಯ ಮಕ್ಕಳು. ಕೃಷ್ಣನು ಹೊರಟರೆ ಈ ಮನೆಗೆ ದುಃಖ, ನಿಂತರೆ ಆ ಮನೆಗೆ ದುಃಖ. ಎರಡೂ ತನ್ನವೇ ಆದುದರಿಂದ ಹೋಗು ಎನ್ನಲೂ ಬಾರದು, ಇರು ಎನ್ನಲೂ ಬಾರದು. ಈ ಇಕ್ಕಟ್ಟಿನಿಂದ ಬಂದ ಮಾತು ಅದು ಎಂದು ಪ್ರಾಚೀನ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಎರಡು ಮನೆಗಳ ನಡುವೆ ಬದುಕಿದ ಯಾವ ಹೆಣ್ಣುಮಗಳಿಗೂ ಈ ವ್ಯಾಖ್ಯಾನವನ್ನು ಬಿಡಿಸಿ ಹೇಳುವ ಕಾರಣವಿಲ್ಲ.

ಪಾಶವನ್ನು ಕತ್ತರಿಸು ಎಂದ ಮಾತನ್ನೇ ಹಿಡಿದು ಪ್ರೀತಿಯನ್ನು ಬಿಡಬೇಕೆಂದು ಉಪದೇಶಿಸುವವರು ಅದರ ಮರುಶ್ಲೋಕವನ್ನು ಓದುವದಿಲ್ಲ. ಗಂಗೆಯ ಪ್ರವಾಹವು ಸಮುದ್ರವನ್ನು ಸೇರುವಂತೆ ನನ್ನ ಮನಸ್ಸು ನಿನ್ನಲ್ಲಿ ಎಡೆಬಿಡದೆ ಪ್ರೀತಿಯನ್ನು ಹರಿಯಿಸಲಿ ಎಂದು ಅಲ್ಲಿ ಕೇಳಿದ್ದಾಳೆ. ನದಿಯು ಒಣಗಲಿ ಎಂದು ಕೇಳಲಿಲ್ಲ! ಗಂಗೆಯು ಸಮುದ್ರವನ್ನು ಸೇರುವ ಮೊದಲು ಎಷ್ಟು ಊರುಗಳಿಗೆ ನೀರು ಕೊಡುತ್ತಾಳೆ ಎಂಬುದನ್ನೂ ನಾವು ನೆನೆಯಬೇಕು.

ಇನ್ನು ಶ್ರೀಮದಾಚಾರ್ಯರ ಮಾತನ್ನು ನೋಡೋಣ. ಮಹಾಭಾರತತಾತ್ಪರ್ಯನಿರ್ಣಯದ ಮೊದಲ ಅಧ್ಯಾಯದಲ್ಲಿ ಭಕ್ತಿಯ ಲಕ್ಷಣವನ್ನು ಹೇಳುವಾಗ, ಭಗವಂತನ ಮಹಿಮೆಯನ್ನು ಅರಿತು ಆತನಲ್ಲಿ ಮಾಡುವ ದೃಢವಾದ, ಎಲ್ಲಕ್ಕಿಂತ ಅಧಿಕವಾದ ಸ್ನೇಹವೇ ಭಕ್ತಿ ಎಂದಿದ್ದಾರೆ. ಕುಂತಿಯು ಯಾವ ಶಬ್ದದಿಂದ ತನ್ನ ಪಾಶವನ್ನು ಕರೆದಳೋ ಅದೇ ಸ್ನೇಹವೆಂಬ ಶಬ್ದದಿಂದಲೇ ಆಚಾರ್ಯರು ಭಕ್ತಿಯನ್ನು ಕರೆದರು. “ಎಲ್ಲಕ್ಕಿಂತ ಅಧಿಕ” ಎಂದರಲ್ಲದೆ “ಬೇರೆಲ್ಲೂ ಇರಬಾರದು” ಎನ್ನಲಿಲ್ಲ. ಕೆಳಗೆ ಮೆಟ್ಟಿಲುಗಳಿದ್ದರೆ ತಾನೇ ಮೇಲಿನದು ಮೇಲಿನದಾಗುವದು? ಮೊಮ್ಮಗನ ಮುಖ ಕಣ್ಣಿಗೆ ಕಟ್ಟಿದ ಆ ಮಾತೆಗೆ ನಾನು ಹೇಳಿದ್ದೂ ಇಷ್ಟೇ: ಆ ಮುಖವನ್ನು ಓಡಿಸಬೇಡಿರಿ, ಆ ಮಗುವಿನೊಳಗೆ ನಿಂತು ಅದನ್ನು ಎಬ್ಬಿಸಿ ಉಣಿಸಿ ಆಡಿಸುವ ಅಂತರ್ಯಾಮಿಯನ್ನು ಅದರ ಜೊತೆಗೇ ನೆನೆಯಿರಿ. ದೂರವೆಂಬುದು ನಮಗುಂಟು, ಅವನಿಗಿಲ್ಲ. ನಿಮ್ಮೊಳಗೆ ಇರುವವನೇ ಅಲ್ಲಿಯೂ ಇದ್ದಾನೆ.

ಕುಂತಿಯ ಸ್ತುತಿಯಾದ ಮೇಲೆ ಶ್ರೀಕೃಷ್ಣನು ಮಾಡಿದ್ದೇನೆಂಬುದೂ ಗಮನಿಸತಕ್ಕದ್ದು. ಧರ್ಮರಾಜನು ಪ್ರೀತಿಯಿಂದ ತಡೆಯಲು ಪ್ರಯಾಣವನ್ನು ನಿಲ್ಲಿಸಿದನು. ಬಂಧುಗಳ ದುಃಖವು ಕಳೆಯಲಿ, ತಂಗಿಗೆ ಪ್ರಿಯವಾಗಲಿ ಎಂದು ಕೆಲವು ತಿಂಗಳು ಹಸ್ತಿನಾವತಿಯಲ್ಲಿ ಉಳಿದನೆಂದು ಹತ್ತನೆಯ ಅಧ್ಯಾಯದಲ್ಲಿ ಹೇಳಿದೆ. ತಂಗಿಯೆಂದರೆ ಸುಭದ್ರೆ, ಅಭಿಮನ್ಯುವನ್ನು ಕಳೆದುಕೊಂಡವಳು. ಜಗತ್ತನ್ನು ನಡೆಸುವವನಿಗೆ ತಂಗಿಯ ಮನೆಯಲ್ಲಿ ತಿಂಗಳುಗಟ್ಟಲೆ ಇರಲು ಪುರುಸೊತ್ತು ಇತ್ತು. ನಮ್ಮ ಅಣ್ಣತಮ್ಮಂದಿರು ಪಂಚಮಿಗೆ ತಂಗಿಯನ್ನು ಕರೆಯಲು ಹೋಗುವದನ್ನು ಬಿಟ್ಟು ಹಣವನ್ನು ಮೊಬೈಲಿನಲ್ಲಿ ಕಳಿಸುತ್ತಾರೆ; ಊರಿಗೆ ಬಂದ ಮಗನು ಒಂದು ರಾತ್ರಿ ಇದ್ದು, ಅದರಲ್ಲಿ ಅರ್ಧ ರಾತ್ರಿ ಆಫೀಸಿನವರೊಡನೆ ಮಾತಾಡಿ ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಇದನ್ನು ನಿಂದೆಗಾಗಿ ಹೇಳುತ್ತಿಲ್ಲ. ನೌಕರಿಯ ಕಷ್ಟವು ನೌಕರಿ ಮಾಡುವವರಿಗೇ ಗೊತ್ತು. ಆದರೂ ಹೇಳಬೇಕಾದುದು ಹೌದು.

ದೂರ ಹೋದವರು ಧರ್ಮವನ್ನು ಬಿಟ್ಟರೆಂದು ಹಿರಿಯರು ಹೇಳುವದು ಮಾತ್ರ ಎಲ್ಲ ಕಡೆಗೂ ನಿಜವಲ್ಲ. ಚಾತುರ್ಮಾಸ್ಯವನ್ನೇ ನೋಡಿರಿ. ಮೊದಲ ತಿಂಗಳು ಶಾಕವ್ರತ, ಮುಂದೆ ಕ್ರಮವಾಗಿ ದಧಿವ್ರತ, ಕ್ಷೀರವ್ರತ, ದ್ವಿದಳವ್ರತ. ಒಂದು ತಿಂಗಳು ಕಾಯಿಪಲ್ಲೆ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆಯಿಲ್ಲ. ಇಷ್ಟರೊಳಗೆ ಮಕ್ಕಳು ಮುದುಕರು ಎಲ್ಲರೂ ಉಣ್ಣುವಂತೆ ನಾಲ್ಕು ತಿಂಗಳು ಅಡಿಗೆ ಮಾಡುವ ವಿದ್ಯೆ ಯಾವ ಪಾಠಶಾಲೆಯಲ್ಲಿಯೂ ಕಲಿಸುವದಿಲ್ಲ. ನಾನು ಓದಿದ ಪಾಠಶಾಲೆಯಲ್ಲಂತೂ ಕಲಿಸಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಹುಣಸೆಯ ಬದಲು ಒಣಗಿಸಿದ ಮಾವಿನಕಾಯಿ, ಮೆಣಸಿನಕಾಯಿಯ ಬದಲು ಕಾಳುಮೆಣಸು. ಬೇಸಿಗೆಯ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಮಾವಿನಕಾಯಿಯ ಹೋಳುಗಳನ್ನು ಒಣಗಿಸಿ, ಕುಟ್ಟಿ, ಡಬ್ಬಿಗೆ ತುಂಬಿ, ಮಗಳ ಊರಿಗೆ ಹೋಗುವವರ ಕೈಯಲ್ಲಿ ಕೊಡುವ ತಾಯಂದಿರು ಇದ್ದಾರೆ. ಆಷಾಢದಲ್ಲಿ ಆ ಪುಡಿ ಬಿದ್ದ ಸಾರು ದೇವರಿಗೆ ನೈವೇದ್ಯವಾಗುತ್ತದೆ. ಅದರಲ್ಲಿ ಮಗಳ ಮೇಲಿನ ಸ್ನೇಹವೆಷ್ಟು, ಹರಿಯ ಮೇಲಿನ ಸ್ನೇಹವೆಷ್ಟು ಎಂದು ತೂಗಿ ಹೇಳುವ ಪಂಡಿತರು ಯಾರಿದ್ದಾರೆ?

ಇನ್ನೊಂದು ಸಂದೇಹವನ್ನು ಅನೇಕರು ಕೇಳುತ್ತಾರೆ. ಅಮೇರಿಕೆಯಲ್ಲಿರುವ ಮಗನ ಏಕಾದಶಿಯು ಕೆಲವು ಸಾರೆ ಬೇರೆ ದಿನಾಂಕಕ್ಕೆ ಬರುತ್ತದೆ, ಯಾವದು ಸರಿ? ಎರಡೂ ಸರಿ. ಸೂರ್ಯಚಂದ್ರರ ನಡುವಿನ ಅಂತರವು 12 ಅಂಶ ಬೆಳೆದರೆ ಒಂದು ತಿಥಿ. ಅದು ಭೂಮಿಗೆಲ್ಲ ಒಂದೇ ಕ್ಷಣದಲ್ಲಿ ಆರಂಭವಾಗುತ್ತದೆ. ಆದರೆ ಉಪವಾಸದ ನಿರ್ಣಯವು ಅವರವರು ಇದ್ದ ಸ್ಥಳದ ಅರುಣೋದಯ, ಸೂರ್ಯೋದಯಗಳನ್ನು ಅವಲಂಬಿಸಿದೆ. ಆದುದರಿಂದ ಮಗನು ಶಿರೋಳದ ಸೂರ್ಯೋದಯಕ್ಕೆ ಉಪವಾಸ ಮಾಡತಕ್ಕದ್ದಲ್ಲ. ಸಂಕಲ್ಪದಲ್ಲಿಯೂ ಹಾಗೆಯೇ. ನಾವು ಗೋದಾವರಿಯ ದಕ್ಷಿಣ ತೀರವೆಂದು ಹೇಳುತ್ತೇವೆ. ಅಮೇರಿಕೆಯ ದೇವಾಲಯಗಳಲ್ಲಿ ಕ್ರೌಂಚದ್ವೀಪವೆಂದು ಹೇಳುವ ರೂಢಿ ಬಂದಿದೆ. ಪೂಜೆಗೆ ಕೂಡುವವನು ಮೊಟ್ಟಮೊದಲು ತಾನು ಎಲ್ಲಿದ್ದೇನೆಂಬುದನ್ನು ಸತ್ಯವಾಗಿ ಹೇಳಬೇಕೆಂದು ಶಾಸ್ತ್ರವು ವಿಧಿಸಿದೆ.

ಹೊರಡುವವರಿಗೂ ಒಂದು ಧರ್ಮವಿದೆ. ಹನ್ನೆರಡು ವರ್ಷ ಅನಂತೇಶ್ವರನನ್ನು ಸೇವಿಸಿ ಪಡೆದ ಮಗನು ಸನ್ಯಾಸಕ್ಕೆ ಹೊರಟಾಗ ಮಧ್ಯಗೇಹಭಟ್ಟರು ಪಟ್ಟ ದುಃಖವನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದ ನಾಲ್ಕನೆಯ ಸರ್ಗದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ತಂದೆಯು ಮಗನನ್ನು ಕರೆತರಲು ಬೆನ್ನು ಹತ್ತಿ ಹೋದರು, ಬೇಡಿಕೊಂಡರು. ಆಗ ಆಚಾರ್ಯರು ತಂದೆತಾಯಿಗಳನ್ನು ನೋಡಿಕೊಳ್ಳುವ ಇನ್ನೊಬ್ಬ ಮಗನು ಹುಟ್ಟುವವರೆಗೆ ತಾವು ಸನ್ಯಾಸ ತೆಗೆದುಕೊಳ್ಳುವದಿಲ್ಲವೆಂದು ಮಾತು ಕೊಟ್ಟು, ಹಾಗೆಯೇ ನಡೆದರು. ಲೋಕೋದ್ಧಾರಕ್ಕೆ ಹೊರಟವರು ಕೂಡ ಹಿಂದೆ ಉಳಿಯುವವರಿಗೆ ಗತಿ ಮಾಡಿ ಹೊರಟರು. ನಮ್ಮಲ್ಲಿ ಕೆಲವರು ತಾಯಿಯನ್ನು ಮೂರು ತಿಂಗಳು ಒಬ್ಬ ಮಗ, ಮೂರು ತಿಂಗಳು ಇನ್ನೊಬ್ಬ ಮಗ ಎಂದು ಹಂಚಿಕೊಳ್ಳುತ್ತಾರೆ. ಅವಳನ್ನು ಮಾತ್ರ ಒಂದು ಮಾತು ಕೇಳುವದಿಲ್ಲ. ಅವಳ ದೇವರ ಪೆಟ್ಟಿಗೆ ಎಲ್ಲಿರಬೇಕು, ತುಳಸಿಗೆ ನೀರು ಹಾಕುವವರು ಯಾರು, ಯಾವ ಮನೆಯಲ್ಲಿ ಅವಳಿಗೆ ಒಲೆಯ ಮುಂದೆ ಹೋಗುವ ಅಧಿಕಾರವುಂಟು ಎಂಬುದನ್ನು ಮೊದಲು ಕೇಳಿ ಆಮೇಲೆ ಟಿಕೀಟು ತೆಗೆಸುವದು ಉಚಿತ.

ಸ್ನೇಹಪಾಶವನ್ನು ಕತ್ತರಿಸೆಂದು ಬೇಡಿದ ಕುಂತಿಯ ಮುಂದಿನ ಕಥೆಯು ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿದೆ. ಮಕ್ಕಳಿಗೆ ರಾಜ್ಯ ಬಂದು ಹದಿನೈದು ವರ್ಷಗಳಾದ ಮೇಲೆ ಧೃತರಾಷ್ಟ್ರ ಗಾಂಧಾರಿಯರ ಸೇವೆಗಾಗಿ ಅವಳೂ ವನಕ್ಕೆ ಹೊರಟಳು. ಈ ಸಾರೆ ಬಿಟ್ಟು ಹೊರಟವಳು ತಾಯಿ, ಅತ್ತವರು ಮಕ್ಕಳು. ಹೋಗುವಾಗ ಧರ್ಮರಾಜನಿಗೆ ಅವಳು ಹೇಳಿದ ಮಾತುಗಳಲ್ಲಿ ಮೊದಲನೆಯದು, ಸಹದೇವನನ್ನು ಅಲಕ್ಷ್ಯ ಮಾಡಬೇಡ ಎಂಬುದು. ಸಹದೇವನು ಅವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಮಾದ್ರಿಯ ಮಗ. ಮುಂದೆ ಕೆಲವು ಕಾಲದ ಮೇಲೆ ಪಾಂಡವರು ಆ ಆಶ್ರಮಕ್ಕೆ ನೋಡಲು ಹೋದಾಗ, ನೀರು ತರಲು ಹೋದ ಹಿರಿಯರು ಬರುವದನ್ನು ದೂರದಿಂದ ಕಂಡು, ಸಹದೇವನು ಎಲ್ಲರಿಗಿಂತ ಮುಂದೆ ಓಡಿ ತಾಯಿಯ ಪಾದಗಳನ್ನು ಹಿಡಿದು ಗಟ್ಟಿಯಾಗಿ ಅತ್ತನು. ಕುಂತಿಯು ಅವನನ್ನು ಎತ್ತಿ ಅಪ್ಪಿಕೊಂಡಳು. ಅನಂತರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ, ನೂರು ಮಕ್ಕಳನ್ನು ಕಳೆದುಕೊಂಡಿದ್ದ ಗಾಂಧಾರಿಯ ಕಡೆಗೆ ತಿರುಗಿ, ಸಹದೇವ ಬಂದಿದ್ದಾನೆ ಎಂದು ತಿಳಿಸಿದಳು.

॥ ಶ್ರೀಕೃಷ್ಣಾರ್ಪಣಮಸ್ತು ॥